33 ಸೆಕೆಂಡ್ ಬಾಕಿ ಇದ್ದಾಗ ಮಂಡಿ ಊರದೆ ಓಡಿಸಿದ್ದು ಯಾಕೆ? (ಮಯಾಮಿ – ಜಾರ್ಜಿಯಾ ಟೆಕ್)

ದಾವಣಗೆರೆಯವ

ಶನಿವಾರ ರಾತ್ರಿಯಿಂದ ಸರಿಯಾಗಿ ನಿದ್ದೆ ಇಲ್ಲ. ಇಲ್ಲಿ ಅಮೆರಿಕದ ಕಾಲೇಜ್ ಫುಟ್‌ಬಾಲ್ ನೋಡುವವರು ಎಷ್ಟು ಜನ ಇದ್ದೀರೋ ಏನೋ. ಆದರೆ ಈ ಹೊಟ್ಟೆಯುರಿಯನ್ನು ಇಂಗ್ಲಿಷಿನಲ್ಲಿ ತೋಡಿಕೊಂಡರೆ ಸಮಾಧಾನ ಆಗುವುದಿಲ್ಲ.

ಮಗಳು ಮಯಾಮಿ ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಈ ಆಟದ ಹುಚ್ಚು ನನಗೆ ಹತ್ತಿದ್ದೂ ಅವಳಿಂದಲೇ. 2023ರ ಅಕ್ಟೋಬರ್ 7ರಂದು ಇಬ್ಬರೂ ಹಾರ್ಡ್ ರಾಕ್ ಸ್ಟೇಡಿಯಂಗೆ ಹೋಗಿದ್ದೆವು. ನಮ್ಮವರು ಆಡಿದ ನಾಲ್ಕೂ ಗೆದ್ದು 17ನೇ ರ‍್ಯಾಂಕಿನಲ್ಲಿದ್ದರು. ಜಾರ್ಜಿಯಾ ಟೆಕ್ ಹಿಂದಿನ ವಾರ ಬೌಲಿಂಗ್ ಗ್ರೀನ್ ಅನ್ನುವ ತಂಡದ ಕೈಯಲ್ಲಿ ಸೋತು ಬಂದಿತ್ತು. ಸುಲಭವಾಗಿ ಗೆಲ್ಲುತ್ತೇವೆ ಅಂತ ಬೀಗಿಕೊಂಡೇ ಹೋದೆವು.

ಆಟ ಗೊತ್ತಿಲ್ಲದವರಿಗೆ ಕೊನೆಯ ಲೆಕ್ಕ ಹೇಳುತ್ತೇನೆ. ನಾವು 20, ಅವರು 17. ಚೆಂಡು ನಮ್ಮದು. ಮೂರನೇ ಡೌನ್, ಅಂದರೆ ಸಿಗುವ ನಾಲ್ಕು ಯತ್ನಗಳಲ್ಲಿ ಮೂರನೆಯದು. ಉಳಿದಿದ್ದು 33 ಸೆಕೆಂಡ್. ಎದುರಾಳಿ ಹತ್ತಿರ ಒಂದೂ ಟೈಮ್‌ಔಟ್ ಇಲ್ಲ. ಅಂದರೆ ಗಡಿಯಾರ ನಿಲ್ಲಿಸುವ ದಾರಿ ಅವರಿಗಿಲ್ಲ. ಒಂದು ಯತ್ನ ಮುಗಿದ ಮೇಲೆ ಮುಂದಿನದನ್ನು ಶುರು ಮಾಡಲು ನಮಗೆ 40 ಸೆಕೆಂಡ್ ಸಿಗುತ್ತದೆ. ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವ, ಹಂಚುವ ಆಟಗಾರ) ಚೆಂಡು ಹಿಡಿದು ಸುಮ್ನೆ ಒಂದು ಮಂಡಿ ಊರಿದ್ದರೆ ಆ ಯತ್ನ ಮುಗಿದು ಗಡಿಯಾರ ಓಡುತ್ತಿತ್ತು, ಅಷ್ಟೇ ಸಾಕಿತ್ತು. ಅಲ್ಲಿಗೆ ಪಂದ್ಯ ಮುಗೀತು. ಒಂದನೇ ಕ್ಲಾಸಿನ ಮಗುವೂ ಮಾಡುವ ಲೆಕ್ಕ ಇದು, ಅಲ್ವಾ?

ನಾವಿಬ್ಬರೂ ಟ್ರಾಫಿಕ್ ತಪ್ಪಿಸೋಣ ಅಂತ ಆಗಲೇ ಎದ್ದು ಮೆಟ್ಟಿಲ ಹತ್ತಿರ ಬಂದಿದ್ದೆವು. ಕಾರಿನ ಕೀ ಕೈಯಲ್ಲಿತ್ತು. ಹಿಂದಿನಿಂದ ಜನ ಒಮ್ಮೆಲೇ 'ಓ' ಅಂದರು. ಅದು ಗೆದ್ದವರ 'ಓ' ಅಲ್ಲ. ತಿರುಗಿ ನೋಡಿದರೆ ಟೆಕ್ ಹುಡುಗರು ಕುಣಿಯುತ್ತಿದ್ದಾರೆ. ನಮ್ಮವರು ಚೆಂಡನ್ನು ಓಟಗಾರ ಡೊನಾಲ್ಡ್ ಚೇನಿ ಕೈಗೆ ಕೊಟ್ಟು ಓಡಿಸಿದ್ದಾರೆ, ಅದು ಜಾರಿ ಟೆಕ್ ಪಾಲಾಗಿದೆ. 26 ಸೆಕೆಂಡ್ ಬಾಕಿ, ಟೆಕ್ ಮುಂದೆ 74 ಗಜ. ರದರ್‌ಫರ್ಡ್‌ಗೆ 30 ಗಜದ ಒಂದು ಎಸೆತ, ಆಮೇಲೆ ಲಿಯರಿಗೆ 44 ಗಜದ್ದು. ಟಚ್‌ಡೌನ್, ಆರು ಪಾಯಿಂಟ್. ಗಡಿಯಾರದಲ್ಲಿ ಇನ್ನೂ 1 ಸೆಕೆಂಡ್ ಇತ್ತು. 23–20. ಅಂಗೈ ತೆರೆದು ನೋಡಿದರೆ ಕೀ ಅಚ್ಚೊತ್ತಿತ್ತು.

ಕಾರಿನಲ್ಲಿ ಮನೆವರೆಗೂ ಜಗಳ. ನಾನು ಕೋಚ್ ಮಾರಿಯೊ ಕ್ರಿಸ್ಟೊಬಾಲ್‌ಗೆ ಬೈದೆ. ಮಗಳು, "ಅಪ್ಪಾ, 26 ಸೆಕೆಂಡಲ್ಲಿ 74 ಗಜ ಬಿಟ್ಟುಕೊಟ್ಟ ಡಿಫೆನ್ಸ್‌ಗೆ ಮೊದಲು ಬೈ" ಅಂದಳು. ಆನ್‌ಲೈನ್‌ನಲ್ಲಿ ಬಹಳ ಜನ ಚೇನಿಯನ್ನು ಹಿಡಿದು ಜಾಡಿಸುತ್ತಿದ್ದಾರೆ. 2021ರಲ್ಲಿ ಅದೇ ಹುಡುಗನಿಗೆ ಮಂಡಿಗೆ ಪೆಟ್ಟು ಬಿದ್ದು ಉಳಿದ ಸೀಸನ್ ಪೂರ್ತಿ ಹೋಗಿತ್ತು. ಯಾರೋ ಊರಬೇಕಾದ ಮಂಡಿ ಊರಲಿಲ್ಲ, ಬೈಗುಳ ಇವನ ತಲೆಗೆ.

ತಿಳಿದವರು ಹೇಳಿ. ತಪ್ಪು ಯಾರದ್ದು?

ಅಟ್ಲಾಂಟಾ ಗೌಡ

ಗೆದ್ದವರ ಕಡೆಯವನು ನಾನು. ಟೆಕ್‌ನಲ್ಲೇ ಎಂ.ಎಸ್. ಮಾಡಿದ್ದು. ಚೆಂಡು ಜಾರಿದಾಗ ನಾನು ಟಿವಿ ಆರಿಸಿ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಗೆಳೆಯ ಫೋನ್ ಮಾಡಿ ಕೂಗಿದಾಗ ಸೋಪಿನ ಕೈಯಲ್ಲೇ ಓಡಿಬಂದೆ. ಹಾಗಾಗಿ ನನ್ನ ಮಾತಿಗೆ ಜಾಸ್ತಿ ಬೆಲೆ ಕೊಡಬೇಡಿ.

ಆದರೂ ನಿಮ್ಮ ಮಗಳ ಪರ ಒಂದು ಮಾತು. ಮೂರು ಪಾಯಿಂಟ್ ಮುಂದಿದ್ದೀರಿ, ಎದುರಾಳಿಗೆ ಟೈಮ್‌ಔಟ್ ಇಲ್ಲ. ಆಗ ಡಿಫೆನ್ಸ್‌ಗೆ ಇರುವುದು ಒಂದೇ ಕೆಲಸ: ಯಾರನ್ನೂ ಬೆನ್ನ ಹಿಂದೆ ಬಿಡಬಾರದು. ಹತ್ತು ಗಜ, ಹದಿನೈದು ಗಜ ಕೊಡಿ, ಮೈದಾನದ ಒಳಗೇ ಕೆಡವಿ, ಗಡಿಯಾರ ಓಡಲಿ. ಲಿಯರಿ ಎಲ್ಲರನ್ನೂ ದಾಟಿ ಹಿಂದೆ ಹೋಗಿದ್ದ. ಅದಕ್ಕೂ ಮೊದಲು ನಿಮ್ಮ ಕ್ವಾರ್ಟರ್‌ಬ್ಯಾಕ್ ವ್ಯಾನ್ ಡೈಕ್ ಮೂರು ಸಲ ನಮ್ಮವರ ಕೈಗೆ ಚೆಂಡು ಎಸೆದಿದ್ದ. ಅದರಲ್ಲಿ ಒಂದು ಕಡಿಮೆ ಆಗಿದ್ದರೂ ಕೊನೆಯ ಸೆಕೆಂಡಿನ ಲೆಕ್ಕವೇ ಬೇಕಿರಲಿಲ್ಲ.

ಇನ್ನೊಂದು, ಮೆಲ್ಲಗೆ ಹೇಳುತ್ತೇನೆ. ರಿಪ್ಲೇ ನೋಡಿದರೆ ಚೆಂಡು ಜಾರುವ ಮೊದಲೇ ಚೇನಿ ನೆಲಕ್ಕೆ ತಾಗಿದ್ದ (ಹಾಗಿದ್ದರೆ ಚೆಂಡು ನಿಮ್ಮದೇ) ಅಂತ ನನಗೂ ಅನ್ನಿಸಿತು. ಅಂಪೈರ್‌ಗಳು ನೋಡಿದರು, ತೀರ್ಪು ಬದಲಿಸಲಿಲ್ಲ. ನಾನು ಯಾಕೆ ಬಾಯಿ ಬಿಡಲಿ!

ಜೆರ್ಸಿ ರಾಯರು

ಗೌಡ್ರೇ, ಅದೆಲ್ಲ ಸರಿ. ಆದರೆ ಚೆಂಡು ಜಾರಿದ ಮೇಲಿನ ಕಥೆ ನೀವು ಹೇಳುತ್ತಿರುವುದು. ಜಾರುವ ಸಂದರ್ಭ ಬರಲು ಬಿಟ್ಟವರು ಯಾರು?

ನಾನು ನ್ಯೂಜೆರ್ಸಿಗೆ ಬಂದ ಹೊಸತರಲ್ಲಿ ಆಫೀಸಿನ ಹಿರಿಯರೊಬ್ಬರು ಪದೇ ಪದೇ ಒಂದು ಕಥೆ ಹೇಳುತ್ತಿದ್ದರು. 1978ರ ನವೆಂಬರ್ 19, ಜೈಂಟ್ಸ್ – ಈಗಲ್ಸ್ ಪಂದ್ಯ. ಇದು ಕಾಲೇಜ್ ಅಲ್ಲ, ಎನ್‌ಎಫ್‌ಎಲ್, ಅಂದರೆ ವೃತ್ತಿಪರ ಲೀಗ್. ಜೈಂಟ್ಸ್ 17–12ರಲ್ಲಿ ಮುಂದಿತ್ತು. ಚೆಂಡು ಹಿಡಿದು ಕೂತಿದ್ದರೆ ಗೆದ್ದಂತೆ. ಮೇಲಿನಿಂದ ಬಂದ ಆಜ್ಞೆ, ಓಡುವವನ ಕೈಗೆ ಕೊಡು ಅಂತ. ಕೊಡುವಾಗ ಜಾರಿತು. ಹರ್ಮ್ ಎಡ್ವರ್ಡ್ಸ್ ಎತ್ತಿಕೊಂಡು ಓಡಿದ, ಈಗಲ್ಸ್ 19–17ರಲ್ಲಿ ಗೆದ್ದಿತು. ಆ ಆಟ ಹೇಳಿಕೊಟ್ಟ ಕೋಚ್ ಮರುದಿನವೇ ಕೆಲಸ ಕಳೆದುಕೊಂಡ. ಹಿಂದೆ ಒಬ್ಬ ಕಾವಲಿಗೆ ನಿಂತು ಕ್ವಾರ್ಟರ್‌ಬ್ಯಾಕ್ ಮಂಡಿ ಊರುವ ಈಗಿನ ಪದ್ಧತಿ ಎಲ್ಲ ಕಡೆ ಬಂದಿದ್ದೇ ಆ ಪೆಟ್ಟು ತಿಂದ ಮೇಲೆ. 45 ವರ್ಷ ಆಯಿತು.

ಅದೂ ಹೋಗಲಿ. ಇದೇ ಕ್ರಿಸ್ಟೊಬಾಲ್ 2018ರಲ್ಲಿ ಆರೆಗಾನ್ ಕೋಚ್ ಆಗಿದ್ದರು. ಸ್ಟ್ಯಾನ್‌ಫರ್ಡ್ ವಿರುದ್ಧ 31–28. ಒಂದು ನಿಮಿಷವೂ ಬಾಕಿ ಇರಲಿಲ್ಲ. ಓಡಿಸಿದರು, ವೆರ್ಡೆಲ್ ಕೈಯಿಂದ ಚೆಂಡು ಬಿತ್ತು, ಸ್ಟ್ಯಾನ್‌ಫರ್ಡ್ ಸಮ ಮಾಡಿ ಓವರ್‌ಟೈಮ್‌ನಲ್ಲಿ 38–31ಕ್ಕೆ ಗೆದ್ದಿತು. ಆಗ ಬರೀ ಮಂಡಿ ಊರಿ ಗಡಿಯಾರ ಪೂರ್ತಿ ಮುಗಿಸಲು ಆಗುತ್ತಿತ್ತೋ ಇಲ್ಲವೋ ಅಂತ ಜನ ಕಾಗದ ಪೆನ್ನು ಹಿಡಿದು ವಾದ ಮಾಡಿದರು. ಸ್ವಲ್ಪ ಅನುಮಾನಕ್ಕೆ ಜಾಗ ಇತ್ತು. ಶನಿವಾರ ಅದೂ ಇರಲಿಲ್ಲ.

ನನ್ನ ಅಂದಾಜು ಹೇಳಲಾ? ಅವರು ಹುಡುಗನಾಗಿದ್ದಾಗ ಇದೇ ಮಯಾಮಿಯಲ್ಲಿ ಆಡಿದವರು, 1989 ಮತ್ತು 1991ರ ಚಾಂಪಿಯನ್ ತಂಡಗಳಲ್ಲಿ. ಮುಂದಿನ ಸಾಲಿನಲ್ಲಿ ಎದೆ ಕೊಟ್ಟು ತಳ್ಳುವ ಜಾಗ ಅವರದು. ತಳ್ಳಿಯೇ ಗೆಲ್ಲಬೇಕು ಅನ್ನುವುದು ರಕ್ತದಲ್ಲಿ ಸೇರಿಹೋಗಿದೆ. ಮಂಡಿ ಊರಬೇಕಿತ್ತು ಅಂತ ಪಂದ್ಯ ಮುಗಿದ ಮೇಲೆ ಅವರೇ ಒಪ್ಪಿಕೊಂಡರು, ಆ ಮಟ್ಟಿಗೆ ಮೆಚ್ಚಬೇಕು. ಆದರೆ ಕಿವಿಗೆ ಹೆಡ್‌ಸೆಟ್ ಹಾಕಿಕೊಂಡ ಅಷ್ಟೊಂದು ಸಹಾಯಕರಲ್ಲಿ ಒಬ್ಬನಿಗೂ "ಸಾರ್, ಬೇಡ" ಅನ್ನುವ ಧೈರ್ಯ ಬರಲಿಲ್ಲವೇ? ನನಗೆ ಅದೇ ದೊಡ್ಡ ಪ್ರಶ್ನೆ.

ಪಿಟಿ ಮೇಷ್ಟ್ರು

ನನಗೆ ಈ ಆಟ ಅರ್ಧ ಅರ್ಥ ಆಗಿದೆ, ಅರ್ಧ ಇಲ್ಲ. ಚೆಂಡು ಮೊಟ್ಟೆ ಆಕಾರದಲ್ಲಿದೆ ಅಂತ ಮಾತ್ರ ಗೊತ್ತು. ಆದರೆ ದಾವಣಗೆರೆಯವರ ಪ್ರಶ್ನೆ ನನಗೆ ಚೆನ್ನಾಗಿ ಗೊತ್ತು. ಯಾಕೆಂದರೆ ಆ ತಪ್ಪನ್ನು ನಾನೇ ಮಾಡಿದ್ದೇನೆ.

ಹೈಸ್ಕೂಲ್ ಕಬಡ್ಡಿ, ತಾಲ್ಲೂಕು ಮಟ್ಟದ ಪಂದ್ಯ. ನಮ್ಮವರು ಎರಡು ಪಾಯಿಂಟ್ ಮುಂದೆ. ಕೊನೆಯ ರೈಡ್. ನಮ್ಮ ಕಡೆ ಉಳಿದಿದ್ದು ಒಬ್ಬನೇ ಹುಡುಗ, ಆ ಕಡೆ ಏಳೂ ಜನ. ಅವನು ಬಾಕ್ ಲೈನ್ ದಾಟಿ 'ಕಬಡ್ಡಿ ಕಬಡ್ಡಿ' ಅಂತ ವಾಪಸ್ ಬಂದಿದ್ದರೆ ಮುಗಿಯುತ್ತಿತ್ತು. ಖಾಲಿ ರೈಡ್. ನಿಮ್ಮ ಮಂಡಿ ಊರುವುದು ಅಂದರೆ ಇದೇ ಅಲ್ವಾ?

ನಾನು ಗೆರೆಯ ಆಚೆ ನಿಂತು "ಬೋನಸ್ ತಗೊಂಡು ಬಾರೋ!" ಅಂತ ಕೂಗಿದೆ. ಯಾಕೆ ಕೂಗಿದೆ? ಪೆಂಡಾಲಿನಲ್ಲಿ ಹೆಡ್ ಮಾಸ್ಟರು ಕೂತಿದ್ದರು. ಎರಡರ ಬದಲು ಮೂರು ಪಾಯಿಂಟಿನಿಂದ ಗೆದ್ದರೆ ಚೆನ್ನಾಗಿ ಕಾಣುತ್ತದೆ ಅಂತ ಆಸೆ. ಹುಡುಗ ಒಂದು ಕ್ಷಣ ನನ್ನ ಕಡೆ ನೋಡಿದ. ಆಮೇಲೆ ಕಾಲು ಚಾಚಿದ. ಬೋನಸ್ ಗೆರೆ ಮುಟ್ಟುವ ಮೊದಲೇ ಕಾರ್ನರ್‌ನಲ್ಲಿದ್ದವನು ಹಿಮ್ಮಡಿ ಹಿಡಿದ. ಹಿಡಿದಿದ್ದಕ್ಕೆ ಒಂದು, ನಮ್ಮವರೆಲ್ಲ ಔಟ್ ಆದದ್ದಕ್ಕೆ, ಅಂದರೆ ಲೋನಾಗೆ, ಎರಡು. ಒಂದು ಪಾಯಿಂಟಿನಿಂದ ಸೋತೆವು.

ಅವತ್ತು ಊರಿನವರೆಲ್ಲ ಬೈದಿದ್ದು ಹುಡುಗನಿಗೆ. ನಾನು ಕೂಗಿದ್ದು ಯಾರ ಕಿವಿಗೂ ಬಿದ್ದಿರಲಿಲ್ಲ.

ದಾವಣಗೆರೆಯವ

ಗೌಡ್ರೇ, ರಾಯರೇ, ಇಬ್ಬರಿಗೂ ಥ್ಯಾಂಕ್ಸ್. ಡಿಫೆನ್ಸ್ ಮಾತನ್ನು ಮಗಳಿಗೆ ತೋರಿಸಿದೆ. ಗೆದ್ದವಳ ಹಾಗೆ ನಕ್ಕಳು. ಬರುವ ಶನಿವಾರ ನಾರ್ತ್ ಕರೋಲಿನಾ ಮೇಲೆ ಪಂದ್ಯ ಇದೆ, ಮನೆಯಲ್ಲೇ ಟಿವಿ ಮುಂದೆ ಕೂರುತ್ತೇವೆ. ಗಡಿಯಾರ ಸೊನ್ನೆ ಆಗುವವರೆಗೆ ಯಾರೂ ಏಳುವಂತಿಲ್ಲ ಅಂತ ತೀರ್ಮಾನ ಆಗಿದೆ.

ಮೇಷ್ಟ್ರೇ, ಒಂದು ಕೇಳಲಾ? ಆ ಹುಡುಗನಿಗೆ ಆಮೇಲೆ ಏನು ಹೇಳಿದಿರಿ?

ಪಿಟಿ ಮೇಷ್ಟ್ರು

ಅವತ್ತು ಏನೂ ಹೇಳಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಪಕ್ಕದಲ್ಲೇ ಕೂರಿಸಿಕೊಂಡೆ, ಕಡಲೆಕಾಯಿ ಕೊಡಿಸಿದೆ. ಬಾಯಿ ಬರಲಿಲ್ಲ. ಈಗ ಅವನು ಟ್ರ್ಯಾಕ್ಟರ್ ಇಟ್ಟುಕೊಂಡಿದ್ದಾನೆ, ನಮ್ಮ ಹೊಲಕ್ಕೂ ಅವನೇ ಬರುವುದು. ಹೋದ ವರ್ಷ ಬಾಡಿಗೆ ಹೆಚ್ಚಾಯಿತು ಅಂತ ಗೊಣಗಿದೆ. "ಬೋನಸ್ ಸೇರಿಸಿದೀನಿ ಸಾರ್" ಅಂದ.