ಕೀಮೋ ನಡುವೆ ಎಂಆರ್‌ಐ ಯಾಕೆ? ಗಡ್ಡೆ ಕರಗ್ತಿದ್ಯಾ ಇಲ್ವಾ?

ಪ್ರಶ್ನೆ: ನಮಸ್ತೆ ಮೇಡಂ, ನಮ್ಮಕ್ಕನಿಗೆ ಸ್ತನ ಕ್ಯಾನ್ಸರ್, ಆಪರೇಷನ್‌ಗೆ ಮುಂಚೆನೇ ಕೀಮೋ ಕೊಡ್ತಿದಾರೆ, 4 ಸೈಕಲ್ ಆಯ್ತು. ಈಗ ಮುಟ್ಟಿದ್ರೆ ಗಡ್ಡೆ ಸಿಗ್ತಾನೇ ಇಲ್ಲ ಅಂತಾಳೆ, ಆದ್ರೆ ಮ್ಯಾಮೊಗ್ರಾಂ ರಿಪೋರ್ಟಲ್ಲಿ ಕ್ಯಾಲ್ಸಿಫಿಕೇಶನ್ ಮೊದ್ಲಿನಂಗೇ ಇದೆ ಅಂತ ಬರ್ದಿದಾರೆ. ಈಗ ಎಂಆರ್‌ಐ ಬೇರೆ ಮಾಡ್ಸಿ ಅಂತಿದಾರೆ. ಔಷಧಿ ಹಿಡೀತಿಲ್ವಾ? ಮನೇಲಿ ಎಲ್ರಿಗೂ ಗಾಬರಿ.

ಉತ್ತರ (ರೇಡಿಯಾಲಜಿಸ್ಟ್): ಆ ಒಂದು ಸಾಲು ನೋಡಿ ಗಾಬರಿ ಆಗ್ಬೇಡಿ. ಕ್ಯಾಲ್ಸಿಫಿಕೇಶನ್ ಅಂದ್ರೆ ಸುಣ್ಣದ ಕಣ, ಕ್ಯಾನ್ಸರ್ ಜೀವಕೋಶ ಸತ್ರೂ ಸುಣ್ಣ ಕರಗಲ್ಲ, ಎಷ್ಟೋ ಸಲ ಗಡ್ಡೆ ಪೂರ್ತಿ ಹೋಗಿದ್ರೂ ಫಿಲಂನಲ್ಲಿ ಹಂಗೇ ಕೂತಿರುತ್ತೆ. ಹಾಗಂತ ಮರೆತುಬಿಡೋದೂ ಅಲ್ಲ, ಸಾಮಾನ್ಯವಾಗಿ ಆಪರೇಷನ್ನಲ್ಲಿ ಆ ಜಾಗಾನೂ ತೆಗೀತಾರೆ.

ಎಂಆರ್‌ಐ ಬೇರೆ ಲೆಕ್ಕ. ಗಡ್ಡೆ ತನಗೆ ಅಂತ ಹೊಸ ರಕ್ತನಾಳ ಬೆಳೆಸ್ಕೊಂಡಿರುತ್ತೆ, ಅವು ಸೋರ್ತವೆ, ಸ್ಕ್ಯಾನಲ್ಲಿ ಚೆನ್ನಾಗಿ ಕಾಣ್ಲಿ ಅಂತ ಕೈಗೆ ಚುಚ್ಚೋ ಔಷಧಿ, ಅಂದ್ರೆ ಕಾಂಟ್ರಾಸ್ಟ್, ಅಲ್ಲಿ ಬೇಗ ತುಂಬ್ಕೊಂಡು ಬೆಳ್ಳಗೆ ಹೊಳೆಯುತ್ತೆ. ಔಷಧಿ ಹಿಡಿದಿದ್ರೆ ಆ ಹೊಳಪೂ ಸೈಜೂ ಎರಡೂ ಇಳೀಬೇಕು. ಅಳತೆಗೆ ಸಾಮಾನ್ಯ ನಿಯಮ ಅಂದ್ರೆ ಅತಿ ಉದ್ದದ ವ್ಯಾಸ ಕನಿಷ್ಠ 30% ಕಮ್ಮಿ ಆಗಿರ್ಬೇಕು, 50 ಮಿ.ಮೀ. ಇದ್ದಿದ್ದು 35ಕ್ಕೆ ಬಂದ್ರೆ ಒಳ್ಳೆ ಸುದ್ದಿ. ಆದ್ರೆ ಎಲ್ಲಾ ಗಡ್ಡೆ ಸುತ್ತಲಿಂದ ಕುಗ್ಗಲ್ಲ, ಕೆಲವು ಅಲ್ಲಲ್ಲಿ ಚೂರು ಉಳಿಸ್ಕೊಂಡು ಮಧ್ಯ ಮಧ್ಯ ಖಾಲಿ ಆಗ್ತವೆ, ಈ ತುದಿಯಿಂದ ಆ ತುದಿಗೆ ಅಳತೆ ಹಿಡಿದ್ರೆ ಹಳೇ ನಂಬರೇ ಬರುತ್ತೆ, ಅದಕ್ಕೇ ನಂಬರ್ ಒಂದನ್ನೇ ನೋಡಿ ಕೂಗಾಡ್ಬೇಡಿ ಅಂತ ನಾನು ಎಲ್ರಿಗೂ ಹೇಳೋದು. ಕೀಮೋ ಶುರು ಆಗೋಕ್ ಮುಂಚೆ ಎಂಆರ್‌ಐ ಮಾಡ್ಸಿದ್ರೆ ಅದರ ಸಿಡಿ ತಪ್ಪದೇ ತಗೊಂಡ್ ಹೋಗಿ. ಹೋಲಿಸೋಕೆ ಹಳೇದಿಲ್ದೆ ಇದ್ರೆ ನಮ್ಗೂ ಕಷ್ಟ.

ಪ್ರಶ್ನೆ: ಎಂಆರ್‌ಐನಲ್ಲಿ ಏನೂ ಇಲ್ಲ ಅಂತ ಬಂದ್ರೆ ಆಪರೇಷನ್ ಬೇಡ ಅಲ್ವಾ ಮೇಡಂ?

ಉತ್ತರ: ಇಲ್ಲಮ್ಮ, ಬೇಕು. ಸ್ಕ್ಯಾನಲ್ಲಿ ಕಾಣ್ಲಿಲ್ಲ ಅಂದ್ರೆ ಇಲ್ಲ ಅಂತ ಅಲ್ಲ. ಟ್ಯಾಕ್ಸೇನ್ ಗುಂಪಿನ ಕೀಮೋ ಔಷಧಿ ರಕ್ತನಾಳಾನೇ ಕಮ್ಮಿ ಮಾಡುತ್ತೆ, ಆಗ ಜೀವ ಇರೋ ಚೂರೂ ಹೊಳೆಯದೆ ತಪ್ಪಿಸ್ಕೊಳ್ಳಬಹುದು. ಉಲ್ಟಾನೂ ಆಗುತ್ತೆ, ಬರೀ ಗಾಯದ ಕಲೆ ಗಡ್ಡೆ ಥರ ಕಾಣ್ಸುತ್ತೆ. ಟ್ರಿಪಲ್ ನೆಗೆಟಿವ್ (ಎರಡು ಹಾರ್ಮೋನ್ ಗ್ರಾಹಕ, ಹರ್-2 ಪ್ರೋಟೀನ್ ಮೂರೂ ಟೆಸ್ಟಲ್ಲಿ ನೆಗೆಟಿವ್ ಬಂದಿದ್ದು), ಹರ್-2 ಪಾಸಿಟಿವ್ (ಆ ಪ್ರೋಟೀನ್ ಜಾಸ್ತಿ ಇರೋದು) ಇದ್ರೆ ಎಂಆರ್‌ಐ ಮಾತು ಜಾಸ್ತಿ ನಂಬ್ಬಹುದು, ಹಾರ್ಮೋನ್ ಪಾಸಿಟಿವ್ (ಹಾರ್ಮೋನ್ ಗ್ರಾಹಕ ಇರೋದು), ಅದ್ರಲ್ಲೂ ಲೋಬ್ಯುಲಾರ್ (ಹಾಲಿನ ಗ್ರಂಥಿಯಲ್ಲಿ ಶುರುವಾಗೋ ಬಗೆ) ಆದ್ರೆ ಸ್ವಲ್ಪ ಕಮ್ಮಿ. ಪೂರ್ತಿ ಹೋಗಿದ್ಯಾ ಅನ್ನೋದು ತೆಗೆದ ಭಾಗಾನ ಪೆಥಾಲಜಿಯವ್ರು ಮೈಕ್ರೋಸ್ಕೋಪಲ್ಲಿ ನೋಡಿದ್ಮೇಲೇ.

ಅಂದಹಾಗೆ ಬಯಾಪ್ಸಿ ಮಾಡ್ದಾಗ ಗಡ್ಡೆ ಒಳಗೆ ಕ್ಲಿಪ್, ಅಂದ್ರೆ ಗುರುತಿಗೆ ಚಿಕ್ಕ ಲೋಹದ ಚೂರು, ಹಾಕಿದಾರಾ? ಪೂರ್ತಿ ಕರಗಿಬಿಟ್ರೆ ಸರ್ಜನ್‌ಗೆ ಜಾಗ ತೋರ್ಸೋಕೆ ಅದೇ ಗುರುತು.

ಇನ್ನೊಬ್ಬರು: ಕ್ಲಿಪ್ ಇದ್ರೆ ಎಂಆರ್‌ಐ ಮಾಡ್ಸಬಹುದಾ ಡಾಕ್ಟ್ರೇ? ಲೋಹ ಅಲ್ವಾ?

ಉತ್ತರ: ಮಾಡ್ಸಬಹುದು, ಸಾಮಾನ್ಯವಾಗಿ ಟೈಟೇನಿಯಂದು, ಎಳ್ಳುಕಾಳಿನಷ್ಟು. ಟೆಕ್ನಿಷಿಯನ್‌ಗೆ ಮೊದ್ಲೇ ಹೇಳಿ, ಕಿಡ್ನಿ ತೊಂದ್ರೆ ಇದ್ರೆ ಅದನ್ನೂ ಹೇಳಿ, ಕಾಂಟ್ರಾಸ್ಟ್ ಕೊಡ್ತಾರಲ್ಲ.

ಪ್ರಶ್ನೆ ಕೇಳಿದವರು: ಕ್ಲಿಪ್ ವಿಷ್ಯ ಯಾರೂ ಹೇಳೇ ಇಲ್ಲ ಮೇಡಂ, ಬಯಾಪ್ಸಿ ಪೇಪರ್ ಹುಡುಕ್ತೀನಿ.