ಫೀಲ್ಡ್ ಟ್ರಿಪ್‌ಗೆ ಮಗುವನ್ನು ಕಳುಹಿಸಿ, ಆದರೆ ನೀವೂ ಜೊತೆಗೆ ಹೋಗಿ

ಎಲ್ಲರಿಗೂ ನಮಸ್ಕಾರ. ಎರಡನೇ ತರಗತಿಗೆ ಹೊಸದಾಗಿ ಸೇರಿದ ಮಗಳನ್ನು ಫೀಲ್ಡ್ ಟ್ರಿಪ್‌ಗೆ ಕಳುಹಿಸಬೇಕಾ ಬೇಡ್ವಾ ಅಂತ ಗುಂಪಿನಲ್ಲಿ ಒಬ್ಬ ತಾಯಿ ಕೇಳಿದ್ದಾರೆ. ಕ್ಯಾಲಿಫೋರ್ನಿಯಾಗೆ ಬಂದು ಜಾಸ್ತಿ ದಿನ ಆಗಿಲ್ಲ. ಮಗುವಿಗೆ ಇಂಗ್ಲಿಷ್ ಮಾತು ಇನ್ನೂ ಸಲೀಸಾಗಿಲ್ಲ. ಬಸ್ಸಿನಲ್ಲಿ ದೂರದ ದಾರಿ. ಒಂದು ದಿನ ಮನೆಯಲ್ಲೇ ಇದ್ದರೆ ಏನು ನಷ್ಟ ಅನ್ನುವುದು ಅವರ ಮನೆಯವರ ಯೋಚನೆ. ಕೆಲವರು "ಅದೇನು ಪಾಠನಾ, ಪಿಕ್ನಿಕ್ ತಾನೇ, ಬಿಟ್ಟುಬಿಡಿ" ಅಂತಲೂ ಬರೆದಿದ್ದೀರಿ.

ನಾನು ಇದನ್ನು ಒಪ್ಪಲ್ಲ. ಇಲ್ಲಿನ ಎಲಿಮೆಂಟರಿ ಶಾಲೆಯಲ್ಲಿ ಫೀಲ್ಡ್ ಟ್ರಿಪ್ ಅಂದರೆ ರಜೆಯಲ್ಲ. ಹೋಗುವ ಮುಂಚೆ ಎರಡು ಮೂರು ವಾರ ಅದರ ಬಗ್ಗೆಯೇ ಓದಿಸಿರುತ್ತಾರೆ. ಬಂದ ಮೇಲೆ ಬರೆಯುವುದು, ಚಿತ್ರ ಬಿಡಿಸುವುದು, ಗುಂಪಿನಲ್ಲಿ ಮಾತಾಡುವುದು ಎಲ್ಲಾ ಅದರ ಮೇಲೆಯೇ. ಮನೆಯಲ್ಲಿ ಉಳಿದ ಮಗು ಮಾರನೇ ದಿನ ಕಾರ್ಪೆಟ್ ಮೇಲೆ ಸುಮ್ನೆ ಕೂತು ಬೇರೆಯವರ ಮಾತು ಕೇಳಬೇಕಾಗುತ್ತೆ. ಹೊಸದಾಗಿ ಬಂದ ಮಗುವಿಗೆ ಅದು ಚಿಕ್ಕ ಸಂಗತಿಯಲ್ಲ. ಸ್ನೇಹಿತರು ಸಿಗುವುದು ಬಸ್ಸಿನ ಸೀಟಿನಲ್ಲಿ, ಊಟದ ಬೆಂಚಿನಲ್ಲಿ. ಅಲ್ಲಿ ವ್ಯಾಕರಣ ಯಾರೂ ನೋಡಲ್ಲ.

ಮೊದಲು ಭಯಗಳ ವಿಷಯ ಮುಗಿಸೋಣ. ಹಳದಿ ಬಸ್ಸಿನಲ್ಲಿ ಬೆಲ್ಟ್ ಇರಲ್ಲವಂತೆ ಅಂತ ಒಬ್ಬರು ಕೇಳಿದ್ದರು. ದೊಡ್ಡ ಶಾಲಾ ಬಸ್ಸುಗಳಲ್ಲಿ ಬೆಲ್ಟ್ ಇರಲೇಬೇಕು ಅಂತ ಕೇಂದ್ರ ಸರ್ಕಾರದ ನಿಯಮ ಹೇಳುವುದಿಲ್ಲ ನಿಜ. ಆ ಬಸ್ಸುಗಳನ್ನು ಕಟ್ಟುವ ರೀತಿಯೇ ಬೇರೆ. ಸೀಟುಗಳು ಹತ್ತಿರ ಹತ್ತಿರ ಇರುತ್ತವೆ, ಬೆನ್ನಿನ ಭಾಗ ಎತ್ತರವಾಗಿ ಮೆತ್ತಗಿರುತ್ತೆ. ಡಿಕ್ಕಿಯಾದರೆ ಮಗು ದೂರ ಎಸೆದು ಬೀಳದೆ ಮುಂದಿನ ಸೀಟಿಗೇ ತಾಗಿ ನಿಲ್ಲಲಿ ಅನ್ನುವ ಲೆಕ್ಕ. ಕ್ಯಾಲಿಫೋರ್ನಿಯಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೊಸ ಬಸ್ಸುಗಳಿಗೆ ಬೆಲ್ಟನ್ನೂ ಕಡ್ಡಾಯ ಮಾಡಿದೆ. ದುಡ್ಡಿನ ವಿಷಯ: ಇಲ್ಲಿನ ಶಿಕ್ಷಣ ಕಾನೂನಿನ ಪ್ರಕಾರ ಹಣ ಇಲ್ಲ ಅನ್ನುವ ಕಾರಣಕ್ಕೆ ಯಾವ ಮಗುವನ್ನೂ ಟ್ರಿಪ್‌ನಿಂದ ಹೊರಗಿಡುವ ಹಾಗಿಲ್ಲ. ಶಾಲೆ ಕಳುಹಿಸುವ ಒಪ್ಪಿಗೆ ಚೀಟಿಯಲ್ಲಿ "ಡೊನೇಷನ್" ಅಂತ ಬರೆದಿರುವುದು ಅದಕ್ಕೇ. ಆಗದಿದ್ದರೆ ಕೊಡಬೇಡಿ, ಸಹಿ ಮಾತ್ರ ಹಾಕಿ ಕಳುಹಿಸಿ. ಯಾರೂ ಕೇಳಲ್ಲ.

ಔಷಧಿ ಮತ್ತು ಊಟದ ಬಗ್ಗೆ ಮಾತ್ರ ನಿಜವಾಗಿ ಎಚ್ಚರ ಬೇಕು. ಜ್ವರದ ಮಾತ್ರೆ ಕೂಡ ಮಗುವಿನ ಬ್ಯಾಗಿನಲ್ಲಿ ಇಟ್ಟು ಕಳುಹಿಸಬೇಡಿ. ಶಾಲೆಯವರು ಕೊಡಬೇಕಾದರೆ ಡಾಕ್ಟರ್ ಸಹಿ, ನಿಮ್ಮ ಸಹಿ ಎರಡೂ ಇರುವ ಫಾರ್ಮ್ ಬೇಕು. ಇನ್‌ಹೇಲರ್ ಬಳಸುವ ಮಕ್ಕಳ ಫಾರ್ಮ್ ಶಾಲೆ ಶುರುವಾದ ವಾರವೇ ಕೊಟ್ಟುಬಿಡಿ. ಊಟದ ಡಬ್ಬಿಗೆ ಚಿತ್ರಾನ್ನ ಹಾಕುವುದಾದರೆ ಕಡಲೆಕಾಯಿ ಬೇಡ. ಚಟ್ನಿಪುಡಿಯಲ್ಲಿ ಎಳ್ಳು ಇದ್ದರೆ ಅದೂ ಬೇಡ. ಎಳ್ಳನ್ನು ಇಲ್ಲಿ ಮುಖ್ಯ ಅಲರ್ಜಿ ಪದಾರ್ಥಗಳ ಪಟ್ಟಿಗೆ 9ನೆಯದಾಗಿ ಸೇರಿಸಿದ್ದು 2021ರ ಕಾನೂನು, ಜಾರಿಗೆ ಬಂದದ್ದು 2023ರ ಜನವರಿಯಿಂದ. ಟ್ರಿಪ್ ದಿನ ಮಕ್ಕಳೆಲ್ಲ ಒತ್ತಾಗಿ ಕೂತು ಒಬ್ಬರ ಡಬ್ಬಿಗೆ ಇನ್ನೊಬ್ಬರು ಕೈ ಹಾಕುತ್ತಾರೆ. ಪಕ್ಕದ ಮಗುವಿನ ಜೀವದ ಪ್ರಶ್ನೆ ಅದು.

ಇನ್ನು ನಾನು ನಿಜವಾಗಿ ಹೇಳಬೇಕೆಂದಿದ್ದ ಮಾತು. ಮಗುವನ್ನು ಕಳುಹಿಸುವುದಷ್ಟೇ ಅಲ್ಲ, ವಾಲಂಟಿಯರ್ ಆಗಿ ನೀವೂ ಹೋಗಿ. ಅಪ್ಪಂದಿರಿಗೂ ಸೇರಿಸಿಯೇ ಹೇಳುತ್ತಿದ್ದೇನೆ. ಇದು ಸಂಬಳವಿಲ್ಲದ ಕೆಲಸ, ಹಾಗಾಗಿ ಕೆಲಸದ ವೀಸಾದವರ ಗಂಡ ಅಥವಾ ಹೆಂಡತಿಯಾಗಿ ಎಚ್‌4 ವೀಸಾದಲ್ಲಿ ಬಂದಿರುವವರೂ ಹೋಗಬಹುದು. ಆದರೆ ಟ್ರಿಪ್ ವಾರದಲ್ಲಿ ಹೋಗಿ ಕೇಳಿದರೆ ಆಗಲ್ಲ. ತುಂಬಾ ಶಾಲೆಗಳಲ್ಲಿ ಬೆರಳಚ್ಚು ಕೊಡಬೇಕು, ಟಿಬಿ ಪರೀಕ್ಷೆಯ ಕಾಗದ ತೋರಿಸಬೇಕು, ನಿಮ್ಮ ಹೆಸರು ಶಾಲಾ ಡಿಸ್ಟ್ರಿಕ್ಟ್ ಕಚೇರಿಯಿಂದ ಪಾಸಾಗಿ ಬರಬೇಕು. ಆಗಸ್ಟ್‌ನಲ್ಲೇ ಮುಗಿಸಿಕೊಳ್ಳಿ. ಒಮ್ಮೆ ಆದರೆ ವರ್ಷಪೂರ್ತಿ ತರಗತಿಯ ಬಾಗಿಲು ನಿಮಗೆ ತೆರೆದಿರುತ್ತೆ.

ತರಗತಿ ಅಂದೆ. ನಾವು ಓದಿದ ತರಗತಿಯ ಚಿತ್ರ ತಲೆಯಲ್ಲಿ ಇಟ್ಟುಕೊಂಡು ಒಳಗೆ ಹೋದರೆ ಇಲ್ಲಿ ಪಾಠವೇ ನಡೆಯುತ್ತಿಲ್ಲ ಅನ್ನಿಸುತ್ತೆ. ಬೆಳಿಗ್ಗೆ ಎಲ್ಲರೂ ಕಾರ್ಪೆಟ್ ಮೇಲೆ ಸುತ್ತ ಕೂರುತ್ತಾರೆ. ಪಕ್ಕದವರ ಹೆಸರು ಹಿಡಿದು ಗುಡ್ ಮಾರ್ನಿಂಗ್ ಹೇಳುತ್ತಾರೆ. ಗೋಡೆಯ ಮೇಲೆ ಕೆಲಸಗಳ ಪಟ್ಟಿ ಇರುತ್ತೆ: ಸಾಲಿನ ಮುಂದೆ ನಿಲ್ಲುವವರು, ಬಾಗಿಲು ಹಿಡಿಯುವವರು, ಗಿಡಕ್ಕೆ ನೀರು ಹಾಕುವವರು, ಪೆನ್ಸಿಲ್ ಚೂಪು ಮಾಡುವವರು. ವಾರ ವಾರ ಬದಲಾಗುತ್ತೆ. ನಾಚಿಕೆಯ ಮಗುವಿಗೂ ಒಂದು ವಾರ ಸಾಲಿನ ಮುಂದೆ ನಿಲ್ಲುವ ಸರದಿ ಬಂದೇ ಬರುತ್ತೆ. ಟೀಚರ್ ಒಂದು ಪ್ರಶ್ನೆ ಕೇಳಿ, ಪಕ್ಕದವರ ಕಡೆ ತಿರುಗಿ ಮಾತಾಡಿಕೊಳ್ಳಿ ಅಂತ ಬಿಡುತ್ತಾರೆ. ಗದ್ದಲ ಅನ್ನಿಸುವುದು ಅದು. ಇಂಗ್ಲಿಷ್ ಕಲಿಯುತ್ತಿರುವ ಮಗು ಇಡೀ ಕ್ಲಾಸಿನ ಮುಂದೆ ಬಾಯಿ ಬಿಡಲ್ಲ, ಪಕ್ಕದ ಒಂದೇ ಮಗುವಿನ ಹತ್ತಿರ ಮೆಲ್ಲಗೆ ಹೇಳುತ್ತೆ. ಅದಕ್ಕೇ ಹೀಗೆ ಮಾಡುತ್ತಾರೆ.

ಇಲ್ಲಿ ಒಂದು ಮಾತು ಸೇರಿಸುತ್ತೇನೆ. ಶಾಲೆಗೆ ಸೇರಿಸುವಾಗ ಮನೆಯ ಭಾಷೆ ಯಾವುದು ಅಂತ ಒಂದು ಫಾರ್ಮ್ ಕೊಡುತ್ತಾರೆ. ಕನ್ನಡ ಅಂತ ಬರೆದರೆ ಮಗುವಿಗೆ ಇಂಗ್ಲಿಷ್ ಎಷ್ಟು ಬರುತ್ತೆ ಅಂತ ನೋಡುವ ಎಲ್ಪ್ಯಾಕ್ ಪರೀಕ್ಷೆ ಮಾಡುತ್ತಾರೆ, ಅದಕ್ಕೇ ಇಂಗ್ಲಿಷ್ ಅಂತ ಬರೆದುಬಿಡಿ ಅನ್ನುವ ಸಲಹೆ ನಮ್ಮವರಲ್ಲಿ ಓಡಾಡುತ್ತಲೇ ಇದೆ. ದಯವಿಟ್ಟು ಹಾಗೆ ಮಾಡಬೇಡಿ. ಮಗುವಿಗೆ ಚೆನ್ನಾಗಿ ಇಂಗ್ಲಿಷ್ ಬಂದರೆ ಮೊದಲ ಪರೀಕ್ಷೆಯಲ್ಲೇ ಅದು ಗೊತ್ತಾಗುತ್ತೆ, ವಿಷಯ ಅಲ್ಲಿಗೇ ಮುಗಿಯಿತು. ಬರದಿದ್ದರೆ ದಿನಕ್ಕೆ ಸ್ವಲ್ಪ ಹೊತ್ತು ಚಿಕ್ಕ ಗುಂಪಿನಲ್ಲಿ ಕೂರಿಸಿಕೊಂಡು ಕಲಿಸುತ್ತಾರೆ. ಅದು ಮಗುವಿಗೆ ಸಿಗಬೇಕಾದ ಸಹಾಯ. ಕನ್ನಡವನ್ನು ಫಾರ್ಮಿನಲ್ಲಿ ಮುಚ್ಚಿಟ್ಟು, ಭಾನುವಾರ ಕನ್ನಡ ಶಾಲೆಗೆ ಕಳುಹಿಸಿದರೆ ಮಗುವಿಗೆ ಏನು ಅರ್ಥವಾಗಬೇಕು?

ಹಿಂದೆ ನನ್ನ ಮಗಳ ಎರಡನೇ ತರಗತಿಯವರ ಜೊತೆ ಮಾಸ್ ಬೀಚ್‌ನ ಫಿಟ್ಸ್‌ಜೆರಾಲ್ಡ್ ಮರೈನ್ ರಿಸರ್ವ್‌ಗೆ ಹೋಗಿದ್ದೆ. ಕಡಲು ಹಿಂದೆ ಸರಿದಾಗ ಬಂಡೆಗಳ ನಡುವಿನ ಗುಂಡಿಗಳಲ್ಲಿ ನೀರು ನಿಂತು, ಅದರಲ್ಲಿ ಏಡಿ, ನಕ್ಷತ್ರ ಮೀನು, ಅನಿಮೋನ್ ಕಾಣುವ ಜಾಗ ಅದು. ಈ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ಇಳಿತ ಬಂದರೂ ಎರಡೂ ಒಂದೇ ಮಟ್ಟದವಲ್ಲ. ಚೆನ್ನಾಗಿ ಕೆಳಗಿಳಿಯುವ ಇಳಿತ ಶಾಲೆಯ ಹೊತ್ತಿಗೇ ಬರುವ ದಿನ ಹುಡುಕಿ ಟೀಚರ್ ತಿಂಗಳುಗಳ ಮುಂಚೆ ತಾರೀಖು ಗೊತ್ತು ಮಾಡಿಕೊಂಡಿರುತ್ತಾರೆ. ಆಮೇಲೆ ನಮ್ಮ ಅನುಕೂಲಕ್ಕೆ ಬದಲಾಯಿಸಿ ಅಂದರೆ ಅವರ ಕೈಯಲ್ಲಿ ಇಲ್ಲ.

ನನ್ನ ಪಾಲಿಗೆ ನಾಲ್ಕು ಮಕ್ಕಳು. ಅದರಲ್ಲಿ ಒಬ್ಬ ಹುಡುಗ ದಾರಿಯುದ್ದಕ್ಕೂ ಬಾಯಿ ಬಿಟ್ಟಿರಲಿಲ್ಲ. ಒಂದು ಗುಂಡಿಯ ಹತ್ತಿರ ಕುಕ್ಕರಗಾಲಲ್ಲಿ ಕೂತ. ಉಳಿದ ಮೂವರು ಮುಂದಿನ ಬಂಡೆಗೆ ಹೋಗೋಣ ಅಂತ ಅವಸರ ಮಾಡುತ್ತಿದ್ದರು. ಇವನು ಏಳಲಿಲ್ಲ. ಶಂಖದ ಹುಳ ಅಂತ ನಾನು ಅಂದುಕೊಂಡಿದ್ದು ಸರಕ್ಕನೆ ಅಡ್ಡಡ್ಡ ಓಡಿತು. ಶಂಖದ ಒಳಗಿದ್ದದ್ದು ಏಡಿ! ಟೀಚರ್ ಬಂದು ಪಕ್ಕದಲ್ಲೇ ಕೂತರು. ಅದರ ಹೆಸರು ಹೇಳಲಿಲ್ಲ. "ನಿನಗೆ ಏನು ಕಾಣಿಸ್ತಿದೆ?" ಅಂತ ಕೇಳಿ ಸುಮ್ಮನಾದರು. ಅವನು ತುಂಬಾ ಹೊತ್ತು ಮಾತಾಡಲಿಲ್ಲ. ನನಗೇ ಉತ್ತರ ಹೇಳಿಬಿಡೋಣ ಅನ್ನುವಷ್ಟು ಹೊತ್ತು. ಟೀಚರ್ ಕಾಯುತ್ತಲೇ ಇದ್ದರು. ಕೊನೆಗೆ ಅವನು, ಇದರ ಕಾಲು ಶಂಖದ್ದಲ್ಲ, ಇದು ಬೇರೆಯವರ ಮನೆಯಲ್ಲಿದೆ, ಇದು ದೊಡ್ಡದಾದರೆ ಏನು ಮಾಡುತ್ತೆ ಅಂತ ಕೇಳಿದ. ಉಳಿದ ಮೂವರೂ ಬಂದು ಬಗ್ಗಿದರು. ಹರ್ಮಿಟ್ ಏಡಿಗೆ ಹಿಂಭಾಗ ಮೆತ್ತಗೆ, ಅದಕ್ಕೆ ಖಾಲಿ ಶಂಖ ಹುಡುಕಿ ಸೇರಿಕೊಳ್ಳುತ್ತೆ, ಬೆಳೆದ ಹಾಗೆಲ್ಲ ದೊಡ್ಡ ಶಂಖಕ್ಕೆ ಮನೆ ಬದಲಾಯಿಸುತ್ತೆ. ಇದನ್ನು ಅಲ್ಲಿನ ಗೈಡ್ ಹೇಳಿದ್ದು ಅವನು ಪ್ರಶ್ನೆ ಕೇಳಿದ ಮೇಲೆ. ಆ ದಡದಿಂದ ಒಂದು ಖಾಲಿ ಚಿಪ್ಪನ್ನೂ ಎತ್ತಿಕೊಂಡು ಹೋಗಬಾರದು ಅನ್ನುವ ನಿಯಮ ಯಾಕಿದೆ ಅಂತ ಮಕ್ಕಳಿಗೆ ಆಗ ಯಾರೂ ಬೇರೆಯಾಗಿ ಹೇಳಬೇಕಾಗಲಿಲ್ಲ. ಕಿಸೆಗೆ ಹಾಕಿಕೊಂಡಿದ್ದ ಒಂದು ಹುಡುಗಿ ತಾನಾಗಿಯೇ ತೆಗೆದು ನೀರಿಗೆ ಹಾಕಿದಳು.

ಆ ಕಾಯುವಿಕೆ ನನ್ನ ಮನಸ್ಸಿನಲ್ಲಿ ಕೂತುಬಿಟ್ಟಿದೆ. ಕ್ಯಾಲಿಫೋರ್ನಿಯಾ 2013ರಲ್ಲಿ ಒಪ್ಪಿಕೊಂಡ ವಿಜ್ಞಾನದ ಪಠ್ಯಕ್ರಮವೇ ಹೀಗಿದೆ. ಮಗು ಮೊದಲು ನೋಡಬೇಕು, ಪ್ರಶ್ನೆ ಕೇಳಬೇಕು, ಹೆಸರು ಮತ್ತು ವಿವರಣೆ ಆಮೇಲೆ. ಕಾಗದದಲ್ಲಿ ಓದಿದರೆ ಇದು ಬರೀ ಮಾತು. ಕಣ್ಣಾರೆ ನೋಡಿದ ಮೇಲೆ ನಾನು ಸಂಜೆ ಮಗಳನ್ನು ಕೇಳುವ ಪ್ರಶ್ನೆ ಬದಲಾಯಿತು. ಎಷ್ಟು ಸರಿಯಾಯ್ತು ಅಂತ ಕೇಳುವುದಿಲ್ಲ, ಇವತ್ತು ನೀನು ಏನು ಕೇಳಿದೆ ಅಂತ ಕೇಳುತ್ತೇನೆ. ಉತ್ತರ ಉದ್ದವಾಗಿ ಬರುತ್ತೆ. ವಿಡಿಯೋ ಕಾಲ್‌ನಲ್ಲಿ ಅಜ್ಜಿಗೆ ಆ ಏಡಿಯ ಕತೆ ಕನ್ನಡದಲ್ಲೇ ಹೇಳಬೇಕಾಗಿ ಬಂದಾಗ ಅವಳು ಕೈಕಾಲು ಅಲ್ಲಾಡಿಸಿ, ಅರ್ಧ ಇಂಗ್ಲಿಷ್ ಸೇರಿಸಿ, ಹೇಗೋ ಮುಗಿಸಿದಳು. ಅಜ್ಜಿ ಮತ್ತೆ ಮತ್ತೆ ಕೇಳಿದರು. ಕನ್ನಡ ಉಳಿಯಬೇಕು ಅನ್ನುವವರು ನಾವೆಲ್ಲ. ಮಗುವಿಗೆ ಹೇಳಲೇಬೇಕು ಅನ್ನಿಸುವ ಸುದ್ದಿ ಇರಬೇಕು, ಆಗ ಮಾತು ತಾನಾಗಿ ಬರುತ್ತೆ.

ನಾಲ್ಕನೇ ತರಗತಿಯ ಬಗ್ಗೆ ಸ್ವಲ್ಪ. ಆ ವರ್ಷ ರಾಜ್ಯದ ಇತಿಹಾಸ. ಮಿಷನ್‌ಗಳ, ಅಂದರೆ ಮೂಲ ನಿವಾಸಿಗಳನ್ನು ಕ್ರೈಸ್ತರನ್ನಾಗಿ ಮಾಡಲು ಸ್ಪೇನಿನ ಪಾದ್ರಿಗಳು ಕಟ್ಟಿಸಿದ ನೆಲೆಗಳ ಪಾಠ ಬರುತ್ತೆ: 1769ರಲ್ಲಿ ಸ್ಯಾನ್ ಡಿಯೇಗೋದಲ್ಲಿ ಶುರುವಾಗಿ 1823ರಲ್ಲಿ ಸೊನೋಮಾದಲ್ಲಿ ಮುಗಿದ 21 ಮಿಷನ್‌ಗಳು. ಫ್ರೀಮಾಂಟ್‌ನಲ್ಲಿ ಇರುವ ನಮ್ಮವರಿಗೆ 1797ರ ಮಿಷನ್ ಸ್ಯಾನ್ ಹೋಸೆ ಹತ್ತಿರವೇ ಇದೆ. ಹಿಂದೆಲ್ಲ ಮಕ್ಕಳು ಸಕ್ಕರೆ ಕ್ಯೂಬ್, ಐಸ್‌ಕ್ರೀಮ್ ಕಡ್ಡಿಗಳಿಂದ ಮಿಷನ್ ಮಾದರಿ ಕಟ್ಟಿಕೊಂಡು ಹೋಗುತ್ತಿದ್ದರು. ಅದರಿಂದ ಆ ಕಾಲ ಅರ್ಥವಾಗುವುದಿಲ್ಲ ಅಂತ ರಾಜ್ಯದ 2016ರ ಮಾರ್ಗಸೂಚಿಯೇ ಹೇಳಿತು. ಒಳ್ಳೆಯದಾಯಿತು. ಆ ಗೋಡೆಗಳನ್ನು ಕಟ್ಟಿದ್ದು ಓಲೋನಿ ಮುಂತಾದ ಮೂಲ ನಿವಾಸಿಗಳು. ಸೇರಿದ ಮೇಲೆ ಬಿಟ್ಟು ಹೋಗಲು ಬಿಡುತ್ತಿರಲಿಲ್ಲ, ರೋಗಗಳಿಂದ ಸತ್ತವರು ಲೆಕ್ಕವಿಲ್ಲದಷ್ಟು. ಈ ಟ್ರಿಪ್‌ನಿಂದ ಬಂದ ಮಗು ಮನೆಯಲ್ಲಿ ಕಷ್ಟದ ಪ್ರಶ್ನೆ ಕೇಳುತ್ತೆ. ನಾವು ಇರುವ ಈ ಜಾಗ ಯಾರದ್ದು ಅಂತ ನನ್ನ ಮಗಳು ಕೇಳಿದ್ದಳು. ಅದೆಲ್ಲ ನಿನಗೆ ಯಾಕೆ ಅನ್ನಬೇಡಿ. ಇಲ್ಲಿ ಬೇರು ಬಿಡಬೇಕಾದ ಮಕ್ಕಳಿಗೆ ಈ ನೆಲದ ಕತೆ ಪೂರ್ತಿ ಗೊತ್ತಿರಬೇಕು. ಅಂದಹಾಗೆ, ನಾಲ್ಕನೇ ತರಗತಿಯ ಮಕ್ಕಳಿಗೆ ರಾಷ್ಟ್ರೀಯ ಉದ್ಯಾನಗಳಿಗೆ ಒಂದು ವರ್ಷದ ಉಚಿತ ಪಾಸ್ ಇದೆ, ಕುಟುಂಬವೂ ಜೊತೆಗೆ ಹೋಗಬಹುದು. ಸೆಪ್ಟೆಂಬರ್‌ನಿಂದ ಮುಂದಿನ ಆಗಸ್ಟ್‌ವರೆಗೆ. ಹೊರಡುವ ಮುಂಚೆ ಈಗಿನ ನಿಯಮ ಒಮ್ಮೆ ನೋಡಿಕೊಳ್ಳಿ.

ಐದು ಅಥವಾ ಆರನೇ ತರಗತಿಯಲ್ಲಿ ಬರುವುದು ಹೊರಗೆ ಉಳಿಯುವ ಸೈನ್ಸ್ ಕ್ಯಾಂಪ್. ಗುಂಪಿನಲ್ಲಿ ಅತಿ ಜಾಸ್ತಿ ಜಗಳ ಆಗುವುದು ಇದರ ಮೇಲೆಯೇ, ಅದರಲ್ಲೂ ಹೆಣ್ಣುಮಕ್ಕಳ ವಿಷಯದಲ್ಲಿ. ಈ ರಾಜ್ಯದಲ್ಲಿ ಇದು ಹೊಸದಲ್ಲ. ಸ್ಯಾನ್ ಡಿಯೇಗೋ ಕಡೆಯ ಕ್ಯುಯಮಾಕಾದಲ್ಲಿ 1946ರಿಂದಲೇ ಮಕ್ಕಳನ್ನು ಕಾಡಿನ ಶಾಲೆಗೆ ಕರೆದೊಯ್ಯುತ್ತಿದ್ದಾರೆ. ನಮ್ಮ ಕಡೆಯ ಕ್ಯಾಂಪ್‌ಗಳಲ್ಲಿ ಮಕ್ಕಳು ಮೂರು ನಾಲ್ಕು ರಾತ್ರಿ ಮರಗಳ ನಡುವೆ ಕ್ಯಾಬಿನ್‌ನಲ್ಲಿ ಮಲಗುತ್ತಾರೆ. ಜಗತ್ತಿನಲ್ಲೇ ಅತಿ ಎತ್ತರಕ್ಕೆ ಬೆಳೆಯುವ ಜಾತಿಯಾದ ರೆಡ್‌ವುಡ್ ಮರದ ಬುಡದಲ್ಲಿ ನಿಂತು ಅದಕ್ಕೆ ಮಂಜಿನಿಂದ ನೀರು ಹೇಗೆ ಸಿಗುತ್ತೆ ಅಂತ ಕಲಿಯುತ್ತಾರೆ. ಟಾರ್ಚ್ ಇಲ್ಲದೆ ರಾತ್ರಿ ನಡೆಯುತ್ತಾರೆ. ಹಳದಿ ಬನಾನಾ ಸ್ಲಗ್ ನೋಡಿ ಕಿರುಚುತ್ತಾರೆ. ಫೋನ್ ಇರಲ್ಲ. ನಾವು ಕಳುಹಿಸಬಹುದಾದದ್ದು ಕಾಗದ ಮಾತ್ರ.

ಹುಡುಗಿಯನ್ನು ಹೇಗೆ ಕಳುಹಿಸುವುದು ಅನ್ನುವ ಆತಂಕ ನನಗೂ ಅರ್ಥವಾಗುತ್ತೆ. ಆದರೆ ಆತಂಕವನ್ನು ಪ್ರಶ್ನೆಗಳನ್ನಾಗಿ ಮಾಡಿ ಶಾಲೆಯ ಮುಂದಿಡಿ. ಕ್ಯಾಬಿನ್‌ನಲ್ಲಿ ಯಾರು ಇರುತ್ತಾರೆ, ಅವರ ತಪಾಸಣೆ ಆಗಿದೆಯಾ? ಎಷ್ಟೋ ಕ್ಯಾಂಪ್‌ಗಳಲ್ಲಿ ಹೈಸ್ಕೂಲಿನ ಮಕ್ಕಳು ಕ್ಯಾಬಿನ್ ನೋಡಿಕೊಳ್ಳುತ್ತಾರೆ, ಹಾಗಾದರೆ ಹತ್ತಿರದಲ್ಲಿ ದೊಡ್ಡವರು ಎಲ್ಲಿ ಮಲಗುತ್ತಾರೆ? ರಾತ್ರಿ ನರ್ಸ್ ಇರುತ್ತಾರಾ? ಆ ವಯಸ್ಸಿನ ಹುಡುಗಿಗೆ ಮೊದಲ ಮುಟ್ಟು ಅಲ್ಲೇ ಬರಬಹುದು. ಹೊರಡುವ ಮುಂಚೆ ಮಗಳ ಜೊತೆ ಬಿಡಿಸಿ ಮಾತಾಡಿ, ಚೀಲದಲ್ಲಿ ಪ್ಯಾಡ್ ಇಡಿ, ಯಾರ ಹತ್ತಿರ ಹೋಗಿ ಹೇಳಬೇಕು ಅಂತ ಅವಳಿಗೆ ಗೊತ್ತಿರಲಿ. ಮಾಂಸ, ಮೊಟ್ಟೆ ತಿನ್ನದವರು ಫಾರ್ಮಿನಲ್ಲಿ ಸಸ್ಯಾಹಾರಿ ಅಂತಷ್ಟೇ ಬರೆದರೆ ಸಾಲದು, ಮೊಟ್ಟೆ ಬೇಡ, ಜೆಲಟಿನ್ ಬೇಡ ಅಂತ ಬಿಡಿಬಿಡಿಯಾಗಿ ಬರೆಯಿರಿ. ಇಷ್ಟಕ್ಕೆ ಸರಿಯಾದ ಉತ್ತರ ಸಿಕ್ಕರೆ ಕಳುಹಿಸಿ. ಸಿಗದಿದ್ದರೆ ಪ್ರಿನ್ಸಿಪಾಲರ ಹತ್ತಿರ ಮತ್ತೆ ಕೇಳಿ. ಕೇಳುವುದು ನಮ್ಮ ಹಕ್ಕು.

ಎರಡನೇ ತರಗತಿಯ ಮಗಳ ತಾಯಿಗೆ: ನಾಳೆಯೇ ಸಹಿ ಹಾಕಿ ಚೀಟಿ ಕಳುಹಿಸಿ. ಮಗುವಿಗೆ ಇನ್ನೂ ಇಂಗ್ಲಿಷ್ ಮಾತು ಸಲೀಸಾಗಿ ಬರಲ್ಲ, ದಾರಿಯಲ್ಲಿ ಬಾತ್‌ರೂಮಿಗೆ ಹೋಗಬೇಕಾದರೆ ಕೇಳಲು ಹಿಂಜರಿಯುತ್ತಾಳೆ ಅಂತ ಟೀಚರ್‌ಗೆ ಎರಡು ಸಾಲು ಇಮೇಲ್ ಮಾಡಿ. ಬಸ್ಸಿನಲ್ಲಿ ಯಾರ ಪಕ್ಕ ಕೂರಿಸಬೇಕು ಅನ್ನುವುದನ್ನು ಅವರು ನೋಡಿಕೊಳ್ಳುತ್ತಾರೆ. ಬೆರಳಚ್ಚಿನ ಕೆಲಸ ಈ ಟ್ರಿಪ್‌ಗೆ ಆಗದಿದ್ದರೂ ಶುರು ಮಾಡಿಬಿಡಿ, ವಸಂತದಲ್ಲಿ ಇನ್ನೊಂದು ಟ್ರಿಪ್ ಇದ್ದೇ ಇರುತ್ತೆ. ಆ ಫಾರ್ಮ್ ತುಂಬುವಾಗ ಏನಾದರೂ ಗೊತ್ತಾಗದಿದ್ದರೆ ಇಲ್ಲೇ ಕೇಳಿ, ನಾವು ಯಾರಾದರೂ ಕೂತು ತುಂಬಿಸಿಕೊಡುತ್ತೇವೆ.