ಸಹಾಯ ಬೇಕು: ಎಚ್‌ಡಿ ಮದುವೆ ವಿಡಿಯೋನ ಡಿವಿಡಿಗೆ ಇಳಿಸಿದ್ರೆ ಹಾಳಾಗ್ತಿದೆ

ಎಲ್ರಿಗೂ ನಮಸ್ಕಾರ, ತಂಗಿ ಮದುವೆ ವಿಡಿಯೋ ಪೆನ್‌ಡ್ರೈವಲ್ಲಿ ಸಿಕ್ಕಿದೆ, 1080ಐ (1080 ಗೆರೆ, ಬೆಸ ಗೆರೆ ಸಮ ಗೆರೆ ಸರದಿ ಮೇಲೆ ಬರೋ ಇಂಟರ್‌ಲೇಸ್ ವಿಡಿಯೋ), 2 ಗಂಟೆ 10 ನಿಮಿಷ, ಆದ್ರೆ ಊರಲ್ಲಿ ಅಜ್ಜಿ ಹತ್ರ ಇರೋದು ಹಳೇ ಡಬ್ಬಾ ಟಿವಿ ಮತ್ತೆ ಡಿವಿಡಿ ಪ್ಲೇಯರ್ ಅಷ್ಟೇ, ಹಾಗಾಗಿ ಪಾಲ್ (ನಮ್ಮ ಹಳೇ ಟಿವಿಗಳ ಪದ್ಧತಿ) ಡಿವಿಡಿ ಅಂದ್ರೆ 720x576 ಎಂಪೆಗ್-2 ಮಾಡ್ಲೇಬೇಕು. ಎಫ್‌ಎಫ್‌ಎಂಪೆಗ್ ಅನ್ನೋ ವಿಡಿಯೋ ಬದಲಾಯಿಸೋ ಸಾಫ್ಟ್‌ವೇರಲ್ಲಿ ನೇರವಾಗಿ ಸ್ಕೇಲ್ ಮಾಡಿ ಬರ್ನ್ ಮಾಡ್ದೆ. ಧಾರೆ ಸೀನಲ್ಲಿ ಅಕ್ಷತೆ ಹಾಕೋ ಕೈಗಳೆಲ್ಲ ಬಾಚಣಿಗೆ ಹಲ್ಲಿನ ಥರ ಸೀಳಿ ಕಾಣ್ತವೆ, ಸೀರೆ ಜರಿ ಅಂಚಂತೂ ಮಿಣಮಿಣ ಅಂತ ನಡುಗುತ್ತೆ, ಕೆಂಪು ಬಣ್ಣನೂ ಯಾಕೋ ಬೇರೆ ಥರ ಇದೆ, ಬಣ್ಣದ ಲೆಕ್ಕನ ಎಚ್‌ಡಿಯ 709 ಇಂದ ಡಿವಿಡಿಯ 601ಗೆ ಬದಲಾಯಿಸದೇ ಬಿಟ್ಟಿದ್ದಕ್ಕಾ?

1080ರ ಡೀಟೇಲು 576 ಗೆರೆಲಿ ಉಳಿಯಲ್ಲ ಅಂತ ಗೊತ್ತು ಮಾರಾಯ್ರೆ, ಅದನ್ನ ಕೇಳ್ತಿಲ್ಲ. ಮೊದ್ಲು ಡಿಇಂಟರ್‌ಲೇಸ್ ಮಾಡಿ (ಅರ್ಧರ್ಧ ಗೆರೆಗಳನ್ನ ಪೂರ್ತಿ ಚಿತ್ರ ಮಾಡಿ) ಸೆಕೆಂಡಿಗೆ 50 ಫ್ರೇಮ್ ತಗೊಂಡು, ಲ್ಯಾಂಕ್ಜೋಸ್ ಅನ್ನೋ ಸ್ಕೇಲಿಂಗ್ ವಿಧಾನದಲ್ಲಿ ಚಿಕ್ಕದು ಮಾಡಿ, ಮತ್ತೆ ಇಂಟರ್‌ಲೇಸ್ ಮಾಡ್ಬೇಕಾ, ಇಲ್ಲಾ ಸುಮ್ನೆ 25 ಫ್ರೇಮ್ ಸಾಕಾ? ಜರಿ ನಡುಗೋದಕ್ಕೆ ಸ್ವಲ್ಪ ಬ್ಲರ್ ಕೊಟ್ರೆ ಸರಿಹೋಗುತ್ತಾ? ಆಮೇಲೆ 4.7 ಜಿಬಿ ಡಿಸ್ಕಿಗೆ ಆಡಿಯೋ ಸೇರಿ 4.5 ಎಂಬಿಪಿಎಸ್ (ಸೆಕೆಂಡಿಗೆ ಮೆಗಾಬಿಟ್) ಹತ್ರ ಮಾತ್ರ ಸಿಗುತ್ತೆ, ಟು ಪಾಸ್ (ಎರಡು ಸುತ್ತಿನ ಎನ್‌ಕೋಡಿಂಗ್) ಮಾಡ್ಲಾ ಅಥ್ವಾ ಎರಡು ಡಿಸ್ಕಿಗೆ ಹಂಚ್ಲಾ? ಅಜ್ಜಿಗೆ ಡಿಸ್ಕ್ ಬದಲಾಯಿಸೋಕೆ ಬರಲ್ಲ, ಪಕ್ಕದ್ಮನೆ ಹುಡುಗನ್ನ ಕೂಗ್ಬೇಕು. ಕಮಾಂಡ್ ಇದ್ರೆ ಹಾಗೇ ಹಾಕ್ಬಿಡಿ, ಶನಿವಾರ ಊರಿಗೆ ಹೊರಡ್ತಿದೀನಿ.